ಸೋಪಿನ ಜೊತೆ ಬರುವ ದಾನ ಯಾರದ್ದು?

ಪ್ರಶ್ನೆ: ಬಟ್ಟೆ ಸೋಪಿನ ಪೊಟ್ಟಣದ ಮೇಲೆ ‘ಇದರ ಒಂದು ಭಾಗ ಮಕ್ಕಳ ಓದಿಗೆ’ ಅಂತ ಇರುತ್ತೆ. ಮೊಬೈಲಲ್ಲಿ ಸಿನಿಮಾ ಟಿಕೆಟ್ ತಗೊಂಡರೆ ಎರಡು ರೂಪಾಯಿ ದೇಣಿಗೆ ತಾನಾಗಿಯೇ ಬಿಲ್ಲಿಗೆ ಸೇರಿಕೊಳ್ಳುತ್ತೆ. ತೆಗೆಯೋಕೆ ಮನಸ್ಸು ಬರಲ್ಲ. ಇದರಿಂದ ನನಗೆ ಪುಣ್ಯವೋ, ತೆರಿಗೆ ವಿನಾಯಿತಿಯೋ ಏನಾದರೂ ಸಿಗುತ್ತಾ ಸರ್?
– ಒಬ್ಬ ಗೃಹಿಣಿ, ಅರಸೀಕೆರೆ

ಉತ್ತರ: ಎರಡೂ ಬೇರೆ ಬೇರೆ ಲೆಕ್ಕ ಅಮ್ಮಾ.

ಸೋಪಿನದು ಕಂಪನಿಯ ದೇಣಿಗೆ. ನೀವು ಕೊಟ್ಟದ್ದು ಸೋಪಿನ ಬೆಲೆ ಅಷ್ಟೆ, ಅದಕ್ಕೆ ವಿನಾಯಿತಿ ಇಲ್ಲ. ದಾನದ ಹೆಸರು ಹೇಳಿ ಸರಕು ಮಾರುವ ಈ ಪದ್ಧತಿ ಹೆಸರಾದದ್ದು 1983ರಲ್ಲಿ. ಕಾರ್ಡ್ ಬಳಸಿದಾಗಲೆಲ್ಲ ಲಿಬರ್ಟಿ ಪ್ರತಿಮೆಯ ದುರಸ್ತಿಗೆ ಒಂದು ಸೆಂಟ್ ಕೊಡುತ್ತೇವೆಂದು ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಕ್ರೆಡಿಟ್ ಕಾರ್ಡ್ ಕಂಪನಿ ಮೊತ್ತವನ್ನೇ ಬಾಯಿಬಿಟ್ಟು ಹೇಳಿತ್ತು. ಮೊನ್ನೆ ಇಲ್ಲಿ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅಂಥದೊಂದು ಪೊಟ್ಟಣ ತಿರುಗಿಸಿ ನೋಡಿದೆ. ಮುಂದೆ ಅಂಗೈ ಅಗಲದ ನಗುವ ಮಗು. ಆ ‘ಒಂದು ಭಾಗ’ ಎಷ್ಟು ಪೈಸೆ, ಯಾವ ಸಂಸ್ಥೆಗೆ ಅನ್ನುವುದು ಹಿಂದೆಯೂ ಇಲ್ಲ, ಪಕ್ಕದ ಮಡಿಕೆಯಲ್ಲೂ ಇಲ್ಲ. ಅಂಥ ಮಾತು ನಂಬಿ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಬಟ್ಟೆ ಬೆಳ್ಳಗಾಗುತ್ತದೋ, ಕೊಳ್ಳಿ.

ಟಿಕೆಟ್ಟಿನ ಎರಡು ರೂಪಾಯಿ ಮಾತ್ರ ನಿಮ್ಮದೇ ದುಡ್ಡು. ನಿಮ್ಮನ್ನು ಕೇಳಿಯೇ ತೆಗೆದುಕೊಳ್ಳಬೇಕು. ಕೇಳದೆ ಬಿಲ್ಲಿಗೆ ದೇಣಿಗೆ ಸೇರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ ಮಾರ್ಗಸೂಚಿ ನಿಷೇಧಿಸಿದೆ. ಬೇಡ ಅಂದವರಿಗೆ ಚುಚ್ಚುಮಾತು ತೋರಿಸಿ ನಾಚಿಕೆಪಡಿಸುವುದೂ ಅದರ ಪ್ರಕಾರ ತಪ್ಪು. ಆ ಟಿಕ್ ಗುರುತು ತೆಗೆಯಲು ಸಂಕೋಚವೇ ಬೇಡ. ಕೇಳದೆ ಕಿತ್ತುಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ವಿನಾಯಿತಿ ಬೇಕಾದರೆ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವ ನೋಂದಣಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 80ಜಿ) ಇರುವ ಸಂಸ್ಥೆ ನಿಮ್ಮ ಹೆಸರಿಗೆ ರಸೀದಿ ಕೊಡಬೇಕು, ನೀವು ಹಳೇ ತೆರಿಗೆ ಪದ್ಧತಿಯಲ್ಲಿರಬೇಕು. 2,000 ರೂಪಾಯಿ ದಾಟಿದ ನಗದಿಗೆ ಅದೂ ಇಲ್ಲ.

ಪುಣ್ಯದ ಮಾತು ಕೇಳಿದಿರಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಗೆಂದು ಲಕೋಟೆಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸುತ್ತಿದ್ದೆವು. ಕಡ್ಡಾಯವೇ ಆದರೂ ಎಷ್ಟು, ಯಾರಿಗೆ ಅನ್ನುವುದು ಕಣ್ಣೆದುರಿಗಿತ್ತು. ಕೊಡುವವರಿಗೆ ಅಷ್ಟಾದರೂ ತಿಳಿಯಬೇಕು ಅನ್ನುವುದು ನನ್ನ ಹಟ. ಮಕ್ಕಳ ಓದಿಗೇ ಕೊಡುವ ಮನಸ್ಸಿದ್ದರೆ, ಜೂನ್‌ನಲ್ಲಿ ನಿಮ್ಮೂರಿನ ಸರ್ಕಾರಿ ಶಾಲೆಗೆ ಹೋಗಿ ಎಸ್‌ಡಿಎಂಸಿಯವರನ್ನು, ಅಂದರೆ ಶಾಲಾಭಿವೃದ್ಧಿ ಸಮಿತಿಯವರನ್ನು, ವಿಚಾರಿಸಿ. ಯಾವ ಮಗುವಿಗೆ ನೋಟ್‌ಬುಕ್ ಇಲ್ಲ, ಯಾರಿಗೆ ಬ್ಯಾಗ್ ಹರಿದಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.