ಬರಹಗಾರರಿಗೆ ಸಲಹೆ: ನಂಬರ್ ನೋಡಿದಿರಿ, ತಾರೀಖು ನೋಡಲಿಲ್ಲ

ನಮಸ್ಕಾರ.

ನೀವು ಕಳಿಸಿದ ‘ಸ್ನಾಯು ಕಾರುಗಳ ಅಸಲಿ ಗುರುತು’ ಲೇಖನವನ್ನು ಎರಡು ಸಲ ಓದಿದೆ. ಸಿನ್ಸಿನಾಟಿಯಲ್ಲಿ ಗೆಳೆಯರ ಜೊತೆ 1969ರ ಷೆವರ್ಲೆ ಕಮಾರೊ ಝಡ್/28 (ಕಮಾರೊದಲ್ಲೇ ಒಂದು ವಿಶೇಷ ಮಾದರಿ) ನೋಡಲು ಹೋಗುತ್ತೀರಿ. ನಂಬರುಗಳೆಲ್ಲ ತಾಳೆಯಾಗುತ್ತವೆ, ಕಾರು ಅಸಲಿ ಅಂತ ಖುಷಿಯಾಗಿ ಮನೆಗೆ ಬರುತ್ತೀರಿ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊದಲನೆಯದಾಗಿ, ‘ಸ್ನಾಯು ಕಾರು’ ಬೇಡವೇ ಬೇಡ. ಓದುತ್ತಿದ್ದರೆ ಕಾರಿಗೆ ಉಳುಕು ಹಿಡಿದ ಹಾಗೆ ಅನಿಸುತ್ತದೆ. ಜೋರು ಎಂಜಿನ್ನಿನ ಆ ಅಮೆರಿಕನ್ ಕಾರುಗಳಿಗೆ ಮಸಲ್ ಕಾರ್ ಅಂತಲೇ ಬರೆಯಿರಿ, ಎಲ್ಲರಿಗೂ ಗೊತ್ತಾಗುತ್ತದೆ.

ಮೊದಲ ಎರಡು ಪುಟ ತೆಗೆದುಬಿಡಿ. ಘರ್ಜನೆ, ದಂತಕಥೆ, ಬೆಂಕಿ ಉಗುಳುವ ಎಂಜಿನ್ ಇವೆಲ್ಲ ಯಾವ ಕಾರಿಗೂ ಒಪ್ಪುವ ಮಾತು. ಮೂರನೇ ಪುಟದಲ್ಲಿ ನೀವು ತೋಳು ಮಡಿಚಿ ಬಾನೆಟ್ ಕೆಳಗೆ ಬಗ್ಗುತ್ತೀರಿ. ಬಲಗಡೆಯ ಸಿಲಿಂಡರ್ ಹೆಡ್ ಮುಂದಿರುವ ಪುಟ್ಟ ಪ್ಯಾಡ್, ಅಂದರೆ ಎಂಜಿನ್ ನಂಬರ್ ಹೊಡೆದಿರುವ ಚಪ್ಪಟೆ ಜಾಗದ ಮೇಲಿನ ಜಿಡ್ಡನ್ನು ಹಳೇ ಬನಿಯನ್ನಿಂದ ಒರೆಸುತ್ತೀರಿ. ಅಕ್ಷರ ಒಂದೊಂದಾಗಿ ಕಾಣುತ್ತವೆ. ಲೇಖನ ಶುರುವಾಗುವುದೇ ಅಲ್ಲಿ.

ಇನ್ನು ತಪ್ಪುಗಳು. ಡ್ಯಾಶ್‌ಬೋರ್ಡ್ ಮೇಲಿನ ವಿನ್ (ಕಾರಿನ ಗುರುತಿನ ನಂಬರ್) 124379ಎನ್ ಅಂತ ಶುರುವಾದರೆ ಅದು ಝಡ್/28 ಅಂತ ಬರೆದಿದ್ದೀರಿ. ಅಲ್ಲ. 1 ಅಂದರೆ ಷೆವರ್ಲೆ, 24 ಅಂದರೆ ವಿ8 (ಎಂಟು ಸಿಲಿಂಡರ್ ಎಂಜಿನ್ನಿನ) ಕಮಾರೊ, 37 ಅಂದರೆ ಎರಡು ಬಾಗಿಲಿನ ಕೂಪೆ, 9 ಅಂದರೆ 1969, ಎನ್ ಅಂದರೆ ನಾರ್ವುಡ್ ಕಾರ್ಖಾನೆ. ಅಷ್ಟೇ. ಆ ವರ್ಷ ತಯಾರಾದ ಕಮಾರೊಗಳು 243,085. ಅದರಲ್ಲಿ ಝಡ್/28 ಬರೀ 20,302. ವಿನ್ ಇವೆರಡನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ನಾರ್ವುಡ್ ಕಾರುಗಳ ಟ್ಯಾಗ್ (ಕಾರಿನ ವಿವರ ಹೊಡೆದ ಪುಟ್ಟ ತಗಡು) ಮೇಲೆ 1968ರ ಕೊನೆಯಿಂದ ಬರುವ ಎಕ್ಸ್33, ಎಕ್ಸ್77 ಕೋಡುಗಳು ಝಡ್/28 ಅನ್ನುವ ಸುಳಿವು ಕೊಡುತ್ತವೆ. ಆದರೆ ಟ್ಯಾಗನ್ನೂ ಹೊಸದಾಗಿ ಮಾಡಿಸುವವರಿದ್ದಾರೆ. ಅಂದಹಾಗೆ, ವಿನ್‌ನಲ್ಲಿ 17 ಅಂಕಿ ಅಂದಿದ್ದೀರಿ. ಅದು 1981ರಿಂದ ಬಂದದ್ದು. ಈ ಕಾರಿನಲ್ಲಿ 13. ನೀವೇ ಕಳಿಸಿದ ಫೋಟೊದಲ್ಲಿ ಎಣಿಸಬಹುದಿತ್ತು, ಅಲ್ವಾ?

ಫೋಟೊ ಅಂದಾಗ ಮುಖ್ಯ ವಿಷಯ ನೆನಪಾಯಿತು. ನಿಮ್ಮ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಾ ಕೂತಿದ್ದೆ. ಪ್ಯಾಡ್ ಮೇಲೆ ವಿ0404ಡಿಝಡ್ ಅಂತಿದೆ. ಅಂದರೆ ಫ್ಲಿಂಟ್‌ನಲ್ಲಿ ಏಪ್ರಿಲ್ 4ರಂದು ಜೋಡಿಸಿದ, ಝಡ್/28ಕ್ಕೆ ಹಾಕುತ್ತಿದ್ದ 302 ಘನ ಇಂಚಿನ ಎಂಜಿನ್. ಕಾರಿನ ಟ್ಯಾಗ್ ಮೇಲೆ 04ಸಿ, ಏಪ್ರಿಲ್ ಮೂರನೇ ವಾರ. ಇಲ್ಲಿಯವರೆಗೆ ಸರಿ. ಆದರೆ ಬ್ಲಾಕಿನ (ಎಂಜಿನ್ನಿನ ಎರಕದ ಕಬ್ಬಿಣದ ಒಡಲು) ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲೆ, ಉಬ್ಬಕ್ಷರದಲ್ಲಿ ಏನಿದೆ ನೋಡಿ: ಡಿ 22 9. ಡಿ ಅಂದರೆ ನಾಲ್ಕನೇ ತಿಂಗಳು. ಆ ಕಬ್ಬಿಣ ಅಚ್ಚಿಗೆ ಬಿದ್ದದ್ದೇ 1969ರ ಏಪ್ರಿಲ್ 22ಕ್ಕೆ. ಎರಕ ಹೊಯ್ಯುವ 18 ದಿನ ಮೊದಲೇ ಎಂಜಿನ್ ಜೋಡಿಸಿ ಮುಗಿದಿತ್ತಾ? ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಇದಕ್ಕೇ.

ನೀವು ‘ಎಲ್ಲ ತಾಳೆಯಾಯಿತು’ ಅಂತ ಬರೆದ ಕಾರು ಇದು. ನಂಬರ್ ತಾಳೆಯಾಗುವಂತೆ ಯಾರು ಬೇಕಾದರೂ ಹೊಡೆಯಬಹುದು. ಎರಕದ ತಾರೀಖು ಬದಲಿಸುವುದು ಅಷ್ಟು ಸುಲಭವಲ್ಲ. ನಿಮ್ಮ ಕೈಯಲ್ಲಿ ಒಳ್ಳೆಯ ಕಥೆ ಇತ್ತು, ನೀವು ಅದರ ಪಕ್ಕದಲ್ಲೇ ನಡೆದುಹೋಗಿದ್ದೀರಿ.

ಇನ್ನೊಂದು ಸಲ ಹೋಗಿ. ಫ್ಲ್ಯಾಶ್ ನೇರ ಬಿದ್ದು ಪ್ಯಾಡ್ ಬೆಳ್ಳಗಾಗಿದೆ. ಟಾರ್ಚನ್ನು ಪಕ್ಕದಿಂದ, ಮಲಗಿಸಿದ ಹಾಗೆ ಹಿಡಿಯಿರಿ. ಕಾರ್ಖಾನೆಯಲ್ಲಿ ಮೇಲ್ಮೈ ತರೆಯುವ ಬ್ರೋಚ್ ಯಂತ್ರ ಬಿಟ್ಟ ಸಣ್ಣ ಗೆರೆಗಳು ಮುಂದಿನಿಂದ ಹಿಂದಕ್ಕೆ ಸಾಲಾಗಿ ಕಾಣಬೇಕು. ಮೇಲ್ಮೈ ನುಣ್ಣಗಿದ್ದು, ಅದರ ಮೇಲೆ ಅಕ್ಷರ ಹೊಸದಾಗಿ ಕೂತಿದ್ದರೆ ಅನುಮಾನ ಪಡಿ. ಹಾಗಂತ ಮಾರುವವರನ್ನು ಮೋಸಗಾರ ಅಂತ ಬರೆಯಬೇಡಿ. ಎಂಜಿನ್ ರಿಪೇರಿಯಲ್ಲಿ ಮೇಲ್ಮೈ ತರೆದಾಗ ಅಸಲಿ ಅಕ್ಷರಗಳೂ ಅಳಿಸಿಹೋಗುತ್ತವೆ. ಬ್ಲಾಕೇ ಬದಲಾಗಿರಬಹುದು. ಅಕ್ಷರ ಹೊಡೆದವರು ಮೂರು ಮಾಲೀಕರ ಹಿಂದಿನವರೂ ಆಗಿರಬಹುದು. ಕಂಡದ್ದನ್ನು ಮಾತ್ರ ಬರೆಯಿರಿ. ‘ಮಾಲೀಕರು ಹೇಳಿದರು’ ಅನ್ನುವುದು ಐದು ಕಡೆ ಬಂದಿದೆ. ಅದು ಪುರಾವೆ ಅಲ್ಲ.

ಓದುಗರನ್ನು ಒಳಗೆ ಕರೆದುಕೊಳ್ಳುವುದು ಕಷ್ಟವೇನಲ್ಲ. ಗಾಡಿಗೆ ಎನ್‌ಒಸಿ ಮಾಡಿಸುವಾಗ ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತೇವಲ್ಲ, ಅದನ್ನು ಒಂದು ಸಾಲಿನಲ್ಲಿ ತಂದರೆ ಸಾಕು. ಇನ್ನೊಂದು ಆಶ್ಚರ್ಯ: ನಾರ್ವುಡ್ ಇರುವುದು ನಿಮ್ಮ ಸಿನ್ಸಿನಾಟಿಯ ನಡುವೆಯೇ. ಆ ಕಾರ್ಖಾನೆ 1987ರಲ್ಲಿ ಮುಚ್ಚಿತು. ಕಾರು ಹುಟ್ಟಿದ ಊರಲ್ಲೇ ನಿಂತು ಅದರ ಮಾತೇ ಎತ್ತಿಲ್ಲ!

ಎರಡು ಪುಟದೊಳಗೆ ಮತ್ತೆ ಬರೆದು ಕಳಿಸಿ. ಫೋಟೊದಲ್ಲಿ ವಿನ್‌ನ ಕೊನೆಯ ಅಂಕಿಗಳನ್ನು ಮಸುಕು ಮಾಡಿ, ಕಾರು ಬೇರೆಯವರದ್ದು. ಮತ್ತೆ, ನಿಮ್ಮ ಗೆಳೆಯರು ಅದಕ್ಕೆ ಅಡ್ವಾನ್ಸ್ ಕೊಟ್ಟಿದ್ದಾರಾ? ಲೇಖನದಲ್ಲಿ ಅದೇ ಇಲ್ಲ. ಕೊಟ್ಟಿರದಿದ್ದರೆ, ಲೇಖನ ಆಮೇಲೆ ಬರೆದರಾಯಿತು, ಮೊದಲು ಅವರಿಗೆ ಫೋನ್ ಮಾಡಿ.