ಸಂಪಿಗೆಗೊಂದು ಬಕೆಟ್, ಪಾರಿಜಾತಕ್ಕೊಂದು ಬಕೆಟ್

ಪ್ರಶ್ನೆ: ನಮ್ಮದು 30-40 ಸೈಟು. ಮನೆ ಮುಂದೆ ಕಸಿ ಸಂಪಿಗೆ ಇದೆ, ಹಿಂದೆ ಬಚ್ಚಲ ಪಕ್ಕ ಪಾರಿಜಾತ. ಗೃಹಪ್ರವೇಶವಾದ ವಾರದಲ್ಲೇ ಎರಡನ್ನೂ ನೆಟ್ಟೆವು, ಈಗ ಮೂರು ವರ್ಷ. ದಿನಾ ಬೆಳಿಗ್ಗೆ ತಪ್ಪದೆ ಒಂದೊಂದು ಬಕೆಟ್ ಬೋರ್ ನೀರು, ತಿಂಗಳಿಗೊಮ್ಮೆ ಒಂದೊಂದು ಹಿಡಿ ಯೂರಿಯಾ ಹಾಕುತ್ತೇನೆ. ಸಂಪಿಗೆ ಒಂದು ಹೂವನ್ನೂ ಬಿಟ್ಟಿಲ್ಲ, ಹೊಸ ಎಲೆಗಳೆಲ್ಲ ಹಳದಿ. ಪಾರಿಜಾತ ಕಳೆದ ತಿಂಗಳಿಂದ ಎಲೆ ಉದುರಿಸಿ ಬೋಳಾಗಿ ನಿಂತಿದೆ. ನಮ್ಮತ್ತೆ ‘ಎರಡೂ ಹೋದ್ವು, ಕಡಿಸಿಬಿಡು’ ಅನ್ನುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ಮಚ್ಚು ಒಳಗಿಡಿ. ಮೊದಲು ಹಿತ್ತಲಿಗೆ ಹೋಗಿ ಪಾರಿಜಾತದ ಒಂದು ರೆಂಬೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ತೊಗಟೆಯ ಕೆಳಗೆ ಹಸಿರು ಕಂಡರೆ ಗಿಡಕ್ಕೆ ಜೀವ ಇದೆ ಎಂದರ್ಥ. ಬೇಸಿಗೆ ಬಂತೆಂದರೆ ಪಾರಿಜಾತ ಎಲೆ ಉದುರಿಸುವುದೇ ಹಾಗೆ. ಕಲ್ಲುಗುಡ್ಡ, ಕುರುಚಲು ಕಾಡಿನಲ್ಲಿ ಬಿಸಿಲು ಕುಡಿದು ಬೆಳೆಯುವ ಜಾತಿ ಅದು. ನೀರಿಲ್ಲದ ಕಾಲದಲ್ಲಿ ಎಲೆ ಇಟ್ಟುಕೊಂಡು ಏನು ಮಾಡಬೇಕು, ಅಲ್ವಾ? ನಿಮ್ಮದು ಬೋಳಾಗಿರುವುದು ರೋಗದಿಂದಲ್ಲ. ಆದರೆ ಬಚ್ಚಲ ಪಕ್ಕದ ಹಸಿ ನೆಲ, ಅದರ ಮೇಲೆ ದಿನಾ ಒಂದು ಬಕೆಟ್ ಅಂದರೆ ಬೇರು ಕೊಳೆಯಲು ಅಷ್ಟು ಸಾಕು. ಇವತ್ತಿಂದಲೇ ನಿಲ್ಲಿಸಿ. ಚಿಗುರು ಬರುವ ತನಕ 15 ದಿನಕ್ಕೊಮ್ಮೆ ಒಂದು ಬಕೆಟ್ ಹಾಕಿದರೆ ಜಾಸ್ತಿಯೇ ಆಯಿತು. ಮಳೆಗಾಲದಲ್ಲಿ ಅದೂ ಬೇಡ.

ಬೋಳಾಗಿರುವ ಈಗಲೇ ಇನ್ನೊಂದು ಕೆಲಸ ಮುಗಿಸಿ. ರೆಂಬೆಗಳನ್ನು ಮೂರರಲ್ಲಿ ಒಂದು ಪಾಲು ಕತ್ತರಿಸಿ. ಹಿಡಿದು ನೋಡಿ, ಎಳೆ ರೆಂಬೆ ದುಂಡಗಿರುವುದಿಲ್ಲ, ಬೆಂಕಿಕಡ್ಡಿಯ ಹಾಗೆ ನಾಲ್ಕು ಮೂಲೆ ಇರುತ್ತದೆ. ಪಾರಿಜಾತಕ್ಕೆ ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿಸದೆ ಬಿಟ್ಟರೆ ಉದ್ದುದ್ದ ಬೆಳೆದು ಪಕ್ಕದವರ ಕಾಂಪೌಂಡಿಗೆ ಬಾಗುತ್ತದೆ. ಸತ್ಯಭಾಮೆಯ ಅಂಗಳದ ಮರ ರುಕ್ಮಿಣಿಯ ಅಂಗಳಕ್ಕೆ ಹೂ ಸುರಿಸಿತಂತಲ್ಲ, ಆ ಕತೆ ಕಟ್ಟಿದವರ ಮನೆಯಲ್ಲಿ ಪಾರಿಜಾತ ಇದ್ದೇ ಇತ್ತು ಅಂತ ನನ್ನ ಗುಮಾನಿ.

ಇನ್ನು ಸಂಪಿಗೆ. ಅದರ ಸ್ವಭಾವವೇ ಬೇರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರ ಇರುವುದು ಭಾರ್ಗವಿ ಹೊಳೆಯ ದಡದಲ್ಲಿ. ತಂಪು, ಆಳವಾದ ಮಣ್ಣು, ತರಗೆಲೆ ಕೊಳೆತು ಮೆತ್ತಗಾದ ನೆಲ, ಇದು ಸಂಪಿಗೆಯ ತವರು. ನೀವು ಕೊಟ್ಟಿರುವುದು ಏನು? ಹೊಸ ಮನೆಯ ಮುಂದಿನ ನೆಲವನ್ನು ಗಿಡದಿಂದ ದೂರದಲ್ಲಿ ಒಂದು ಅಡಿ ಅಗೆದು ನೋಡಿ. ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ, ಸುಣ್ಣ ಸಿಗದಿದ್ದರೆ ಕೇಳಿ. ಅದಕ್ಕೆ ಬೋರಿನ ಗಡಸು ನೀರೂ ಸೇರಿತು. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಹಳದಿ ಎಲೆಯೊಂದನ್ನು ಬೆಳಕಿಗೆ ಹಿಡಿಯಿರಿ. ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಅದೇ ತೊಂದರೆ. 1 ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ನಾಲ್ಕು ಹನಿ ನಿಂಬೆರಸ ಹಾಕಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. 15 ದಿನ ಬಿಟ್ಟು ಇನ್ನೊಮ್ಮೆ. ಗೋಡೆಗೆ ತಾಗಿದರೆ ಕಂದು ಕಲೆ ಹೋಗುವುದಿಲ್ಲ, ಹಳೇ ಪೇಪರ್ ಅಡ್ಡ ಹಿಡಿಯಿರಿ.

ಆದರೆ ಇದು ಮೇಲಿನ ಮದ್ದು. ನಿಜವಾದ ಕೆಲಸ ಬುಡದಲ್ಲಿದೆ. ಸಂಪಿಗೆ ಬೇರು ಮೆತ್ತನೆಯದು, ಗುದ್ದಲಿ ತಾಗಿದರೆ ಸಹಿಸುವುದಿಲ್ಲ. ಅಗೆಯಬೇಡಿ, ಕಿತ್ತು ಬೇರೆಡೆ ನೆಡುವ ಯೋಚನೆಯೂ ಬೇಡ. ಕಾಂಡದಿಂದ ಎರಡು ಅಡಿ ದೂರದಲ್ಲಿ ಸುತ್ತಲೂ ಪಾತಿ ಕಟ್ಟಿ. ಎರಡು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ ಹರಡಿ, ಮೇಲೆ ಒಂದು ಗೇಣು ತರಗೆಲೆ ಹಾಸಿ. ಕಾಂಡಕ್ಕೆ ಮಾತ್ರ ತಾಗದಿರಲಿ. ದಿನಾ ಒಂದು ಬಕೆಟ್ ಸುರಿದರೆ ಮೇಲಿನ ಮಣ್ಣಷ್ಟೇ ನೆನೆಯುತ್ತದೆ. ಅದರ ಬದಲು ವಾರಕ್ಕೆರಡು ಸಲ ಮೂರು ಮೂರು ಬಕೆಟ್ ನಿಧಾನವಾಗಿ ಇಂಗಿಸಿ. ಮಳೆನೀರು ಹಿಡಿದಿಟ್ಟಿದ್ದರೆ ಅದರ ಪಾಲು ಸಂಪಿಗೆಗೇ ಇರಲಿ. ಯೂರಿಯಾ ಡಬ್ಬವನ್ನು ಯಾರಿಗಾದರೂ ಕೊಟ್ಟುಬಿಡಿ. ಸುಮ್ನೆ ಎಲೆ ಬೆಳೆಸಲು ಅದು.

ಹೂ ಯಾಕಿಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣ ಇರಬಹುದು. ಇದು ನನಗೇ ಆದದ್ದು. ನಾನೊಮ್ಮೆ ಕಸಿ ಸಂಪಿಗೆ ಅಂತ ದುಡ್ಡು ಕೊಟ್ಟು ತಂದು ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದೆ. ಗಿಡ ದಷ್ಟಪುಷ್ಟವಾಗಿ ಎಂಟಡಿ ಬೆಳೆಯಿತು, ಮೊಗ್ಗಿನ ಸುಳಿವಿಲ್ಲ. ಒಂದು ದಿನ ಬುಡದಲ್ಲಿ ಕಳೆ ಕೀಳುವಾಗ ಕಂಡಿತು. ನೆಲದಿಂದ ಗೇಣೆತ್ತರದಲ್ಲಿ ಕಸಿ ಕಟ್ಟಿದ ಗಂಟು, ಅದರ ಮೇಲೆ ಬೆರಳುದ್ದದ ಒಣ ಮೋಟು. ಅಂದರೆ ಕಸಿ ಎಂದೋ ಒಣಗಿ, ಗಂಟಿನ ಕೆಳಗಿಂದ ಹೊರಟ ಬೇರುಗಿಡದ, ಅಂದರೆ ಕಸಿ ಕಟ್ಟಲು ಬಳಸಿದ ಬೀಜದ ಗಿಡದ, ಚಿಗುರನ್ನು ನಾನು ಸಾಕಿದ್ದೆ! ಬೀಜದ ಸಂಪಿಗೆ ಹೂ ಬಿಡಲು ಏಳೆಂಟು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಕಸಿಯದಾದರೆ ಒಂದೆರಡು ವರ್ಷ ಸಾಕು. ನಿಮ್ಮ ಗಿಡದ ಗಂಟು ಹುಡುಕಿ. ಅದರ ಕೆಳಗಿನ ಚಿಗುರನ್ನೆಲ್ಲ ಬುಡಸಮೇತ ತೆಗೆಯಿರಿ. ಗಂಟಿನ ಮೇಲೆ ಏನೂ ಉಳಿದಿಲ್ಲ ಅಂದರೆ ಬೇರೆ ಗಿಡ ತನ್ನಿ. 30-40 ಸೈಟಿನ ಮುಂಭಾಗಕ್ಕೆ ಬೀಜದ ಸಂಪಿಗೆ ಆಗದು, ಅದು ಮನೆಗಿಂತ ಎತ್ತರ ಹೋಗುವ ಮರ. ಕಸಿಯದನ್ನಾದರೆ ಎಳೆಯದಿರುವಾಗಲೇ ತುದಿ ಚಿವುಟುತ್ತ ಹತ್ತಡಿಯಲ್ಲಿ ನಿಲ್ಲಿಸಬಹುದು. ಪಾರಿಜಾತದಂತೆ ಎರ‍್ರಾಬಿರ‍್ರಿ ಕಡಿಯಬೇಡಿ. ಸಂಪಿಗೆಯ ದಪ್ಪ ಕೊಂಬೆ ಕಡಿದರೆ ಗಾಯ ಮಾಯುವುದು ಬಹಳ ತಡ.

ಪ್ರಶ್ನೆ: ನಮ್ಮ ಸಂಪಿಗೆ ಎಲೆಯಲ್ಲಿ ನುಣ್ಣಗಿನ ಹಸಿರು ಹುಳುಗಳಿವೆ. ಪಕ್ಕದ ಮನೆ ಪಾರಿಜಾತದ ತುಂಬ ಕಂಬಳಿಹುಳು. ಅಲ್ಲಿಂದಲೇ ಬಂದಿರಬಹುದೇ?
– ಓದುಗರು, ಹಾಸನ

ಉತ್ತರ: ಪಕ್ಕದವರ ಮೇಲೆ ಜಗಳಕ್ಕೆ ಹೋಗಬೇಡಿ, ಎರಡೂ ಬೇರೆ ಬೇರೆ. ಪಾರಿಜಾತದ ಕಂಬಳಿಹುಳು ಹಗಲು ಹೊತ್ತು ಕಾಂಡದ ಮೇಲೆ ಗುಂಪಾಗಿ ಅಂಟಿಕೊಂಡಿರುತ್ತದೆ. ತುಂಬುತೋಳಿನ ಅಂಗಿ, ಕೈಗವಸು ಹಾಕಿಕೊಂಡು ಹಳೇ ಪೊರಕೆಯಿಂದ ಸೋಪಿನ ನೀರಿಗೆ ಗುಡಿಸಿ ಹಾಕಿದರೆ ಮುಗಿಯಿತು. ಬರಿಗೈ ತಾಗಿದರೆ ತುರಿಕೆ ತಡೆಯಲಾಗದು. ನಿಮ್ಮ ಸಂಪಿಗೆಯ ಹಸಿರು ಹುಳು ಬಹುಶಃ ಚಿಟ್ಟೆಯ ಮರಿ. ಕಪ್ಪು ರೆಕ್ಕೆ ಮೇಲೆ ಹಸಿರು ಚುಕ್ಕೆ ಇರುವ, ಒಂದು ಕ್ಷಣವೂ ಸುಮ್ಮನೆ ಕೂರದ ಚಿಟ್ಟೆ ನೋಡಿದ್ದೀರಲ್ಲ, ಅದೇ. ಸೀತಾಫಲದ ಎಲೆಗೂ ಬರುತ್ತದೆ. ಗಿಡ ಆಳೆತ್ತರ ಇದ್ದರೆ ನಾಲ್ಕು ಎಲೆ ತಿಂದುಕೊಳ್ಳಲಿ ಬಿಡಿ. ತೀರಾ ಚಿಕ್ಕ ಸಸಿಯಾದರೆ ಎಲೆಸಮೇತ ಎತ್ತಿ ಸೀತಾಫಲದ ಮೇಲಿಡಿ.