ಆ ಕೋಟು ಎಲ್ಲಿಂದ ಬಂತು ಅಂತ ಬರೆಯಿರಿ

ಪ್ರಿಯರೆ,

ನಮಸ್ಕಾರ. ‘ಶಾಂತಿದೂತರು: ಕ್ವೇಕರರ ವಿಶ್ವಸಂದೇಶ’ ಎಂಬ ನಿಮ್ಮ ಲೇಖನ ನಮ್ಮ ಕೈಸೇರಿ ಒಂದೂವರೆ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗುವುದಿಲ್ಲ. ಸಾಮಾನ್ಯವಾಗಿ ನನ್ನ ಕಾಗದ ಇಷ್ಟಕ್ಕೇ ಮುಗಿಯುತ್ತದೆ. ಆದರೆ ವಿಷಯ ಒಳ್ಳೆಯದು, ಕನ್ನಡದಲ್ಲಿ ಇದನ್ನು ಮುಟ್ಟಿದವರು ಕಡಿಮೆ, ನೀವು ಓದಿಕೊಂಡು ಬರೆದಿದ್ದೀರಿ ಎಂಬುದೂ ಕಾಣುತ್ತದೆ. ಆದ್ದರಿಂದ ಮುಲಾಜಿಲ್ಲದೆ ನಾಲ್ಕು ಮಾತು.

ನಿಮ್ಮ ಮೊದಲ ಸಾಲು: ‘ಅನಾದಿಕಾಲದಿಂದಲೂ ಮಾನವನು ಶಾಂತಿಗಾಗಿ ಹಂಬಲಿಸುತ್ತಲೇ ಬಂದಿದ್ದಾನೆ.’ ಈ ಸಾಲನ್ನು ಯಾವ ಲೇಖನದ ತಲೆಯ ಮೇಲೆ ಇಟ್ಟರೂ ಕೂರುತ್ತದೆ, ಆದ್ದರಿಂದ ಯಾವುದರದ್ದೂ ಅಲ್ಲ. ನಮ್ಮ ಓದುಗರಿಗೆ ಕ್ವೇಕರ್ ಎಂದಾಕ್ಷಣ ನೆನಪಾಗುವುದು ಓಟ್ಸ್ ಪೊಟ್ಟಣದ ಮೇಲಿನ ಟೋಪಿಯ ಮುದುಕ. ಆ ಕಂಪನಿಗೂ ಈ ಧರ್ಮಪಂಥಕ್ಕೂ ಸಂಬಂಧವಿಲ್ಲ. ಅಲ್ಲಿಂದ ಶುರು ಮಾಡಿದ್ದರೂ ನಡೆಯುತ್ತಿತ್ತು; ಓದುಗ ನಕ್ಕು ಒಳಗೆ ಬರುತ್ತಿದ್ದ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಸುತ್ತ ಸೇರಿದ, ಪೂಜಾರಿಯಿಲ್ಲದೆ ಸುಮ್ಮನೆ ಮೌನವಾಗಿ ಕೂತು ಪ್ರಾರ್ಥಿಸುವ ಜನ ಇವರು ಎಂಬುದಕ್ಕೆ ನಾಲ್ಕು ಸಾಲು ಸಾಕು. ನೀವು ಎರಡೂವರೆ ಪುಟ ಕೊಟ್ಟಿದ್ದೀರಿ.

1661ರಲ್ಲಿ ಅವರು ಎರಡನೇ ಚಾರ್ಲ್ಸ್ ದೊರೆಗೆ ಕೊಟ್ಟ ಹೇಳಿಕೆಯನ್ನು ‘ಅಹಿಂಸೆಯ ಮಹಾಘೋಷ’ ಎಂದಿದ್ದೀರಿ. ಯಾವ ನೆಪಕ್ಕೂ ಆಯುಧ ಹಿಡಿಯುವುದಿಲ್ಲ ಎಂದು ಅವರು ಬರೆದುಕೊಟ್ಟದ್ದು ನಿಜ. ಬರೆದುಕೊಟ್ಟ ಹೊತ್ತು ಎಂಥದು ನೋಡಿ. ಲಂಡನ್ನಿನಲ್ಲಿ ಬೇರೊಂದು ಪಂಥದವರು ದಂಗೆಯೆದ್ದರು, ಆ ಸಂಶಯದಲ್ಲಿ ಕ್ವೇಕರರನ್ನೂ ಸಾವಿರಗಟ್ಟಲೆ ಹಿಡಿದು ಜೈಲಿಗೆ ತುಂಬಿದರು. ಹಾಗಾಗಿ ಅದು ನಂಬಿಕೆಯ ಮಾತೂ ಹೌದು, ಒಂದು ಬಗೆಯ ಮುಚ್ಚಳಿಕೆಯೂ ಹೌದು. ಮುಚ್ಚಳಿಕೆಯಾಗಿ ಕೊಟ್ಟ ಮಾತನ್ನು ಮುನ್ನೂರು ವರ್ಷಕ್ಕೂ ಮಿಕ್ಕಿ ಉಳಿಸಿಕೊಂಡರಲ್ಲ, ನನಗೆ ಕುತೂಹಲ ಅಲ್ಲಿದೆ. ಎಲ್ಲರೂ ಉಳಿಸಿಕೊಳ್ಳಲಿಲ್ಲ ಅನ್ನಿ. ‘ಕ್ವೇಕರರೆಲ್ಲರೂ ಯುದ್ಧವಿರೋಧಿಗಳು’ ಎಂಬ ನಿಮ್ಮ ವಾಕ್ಯದ ಪಕ್ಕ ನಾನು ‘ನಿಕ್ಸನ್?’ ಎಂದು ಗುರುತು ಹಾಕಿದ್ದೇನೆ. ಕಾಂಬೋಡಿಯಾದ ಮೇಲೆ ಬಾಂಬು ಹಾಕಿಸಿದ ಆ ಅಮೆರಿಕದ ಅಧ್ಯಕ್ಷರು ಹುಟ್ಟಿದ್ದು ಕ್ವೇಕರ್ ಮನೆಯಲ್ಲಿ.

ಇನ್ನು ದೊಡ್ಡ ತಕರಾರು. ನಿಮ್ಮ ಲೇಖನದಲ್ಲಿ ‘ನಿಶ್ಶಸ್ತ್ರೀಕರಣ’ ಹದಿನಾಲ್ಕು ಸಲ ಬರುತ್ತದೆ. ಒಂದು ಕೋವಿ ಕಾಣುವುದಿಲ್ಲ. ‘ಮಾನವ ಹಕ್ಕು’ ಹನ್ನೊಂದು ಸಲ. ಒಬ್ಬ ಮನುಷ್ಯ ಕಾಣುವುದಿಲ್ಲ. ಸಂಸ್ಥೆಗಳ ಹೆಸರು, ಇಸವಿ, ಮತ್ತೆ ಸಂಸ್ಥೆಗಳ ಹೆಸರು. ಸರ್ಕಾರಿ ಕಚೇರಿಯ ಗೋಡೆಗೆ ಹಾಕಿದ ಫಲಕದ ಹಾಗೆ.

1947ರ ನೊಬೆಲ್ ಶಾಂತಿ ಪ್ರಶಸ್ತಿಯನ್ನೇ ತೆಗೆದುಕೊಳ್ಳಿ. ಲಂಡನ್ನಿನ ಫ್ರೆಂಡ್ಸ್ ಸರ್ವಿಸ್ ಕೌನ್ಸಿಲ್, ಫಿಲಡೆಲ್ಫಿಯಾದ ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿ ಎಂಬ ಎರಡು ಕ್ವೇಕರ್ ಸಂಸ್ಥೆಗಳಿಗೆ ಸೇರಿ ಬಂತು. ‘ಮಾನವೀಯತೆಯ ಮುಕುಟಕ್ಕೆ ಮತ್ತೊಂದು ಗರಿ’ ಎಂದು ಮೂರು ಪ್ಯಾರಾ ಬರೆದಿದ್ದೀರಿ. ಅಮೆರಿಕದವರ ಪರವಾಗಿ ಓಸ್ಲೋಗೆ ಹೋದವರು ಹೆನ್ರಿ ಕ್ಯಾಡ್ಬರಿ, ಹಾರ್ವರ್ಡಿನಲ್ಲಿ ಬೈಬಲ್ ಪಾಠ ಹೇಳುತ್ತಿದ್ದ ಮೇಷ್ಟ್ರು. ಸಮಾರಂಭಕ್ಕೆ ಉದ್ದ ಬಾಲದ ಕರಿ ಕೋಟು ಬೇಕೇ ಬೇಕು. ಅವರ ಹತ್ತಿರ ಇರಲಿಲ್ಲ. ಯುದ್ಧದಲ್ಲಿ ನೊಂದವರಿಗೆ ಕಳಿಸಲು ಹಳೆ ಬಟ್ಟೆ ಕೂಡಿಹಾಕಿದ್ದ ಸಂಸ್ಥೆಯ ಉಗ್ರಾಣದಲ್ಲಿ, ಬುಡಾಪೆಸ್ಟಿನ ಸಂಗೀತಗಾರರಿಗೆಂದು ಎತ್ತಿಟ್ಟಿದ್ದ ಅಂಥ ಕೋಟುಗಳಿದ್ದವು. ಅದರಲ್ಲೊಂದನ್ನು ಎರವಲು ಹಾಕಿಕೊಂಡು ಹೋಗಿ ನೊಬೆಲ್ ತಂದರು. ನಿಮ್ಮ ಮೂರು ಪ್ಯಾರಾ ತೆಗೆದು ಈ ಕೋಟನ್ನು ತಗುಲಿಹಾಕಿ. ಬೇರೆ ಏನೂ ಹೇಳಬೇಕಾಗಿಲ್ಲ.

ಆರನೇ ಪುಟದಲ್ಲಿ ಜಿನೀವಾದ ಕ್ವೇಕರ್ ಹೌಸಿನಲ್ಲಿ ಒಬ್ಬ ರಾಯಭಾರಿ ಕಣ್ಣೊರೆಸಿಕೊಂಡು ‘ನನ್ನ ದೇಶ ತಪ್ಪು ಮಾಡಿತು’ ಎನ್ನುತ್ತಾರೆ. ಇದು ಎಲ್ಲಿ ಸಿಕ್ಕಿತು? ಎಲ್ಲೂ ಇಲ್ಲ, ನೀವೇ ಕಟ್ಟಿದ್ದು. ಆ ಮನೆಗಳ ಕಟ್ಟಳೆಯೇ ಬೇರೆ. ವಿಶ್ವಸಂಸ್ಥೆಯ ಬಳಿ ನ್ಯೂಯಾರ್ಕಿನಲ್ಲೊಂದು, ಜಿನೀವಾದಲ್ಲೊಂದು ಮನೆ ಇಟ್ಟುಕೊಂಡು, ಸಭಾಂಗಣದಲ್ಲಿ ಒಬ್ಬರನ್ನೊಬ್ಬರು ಮಾತಿನಲ್ಲಿ ತಿವಿಯುವ ರಾಜತಾಂತ್ರಿಕರನ್ನು ಊಟಕ್ಕೆ ಕರೆಯುತ್ತಾರೆ. ಅಲ್ಲಿ ಆಡಿದ ಮಾತು ಯಾರದೆಂದು ಹೊರಗೆ ಹೇಳುವಂತಿಲ್ಲ. ಪತ್ರಿಕೆಯವರಿಗೆ ಪ್ರವೇಶವಿಲ್ಲ. ಯಾರು ಯಾರಿಗೆ ಏನೆಂದರು ಎಂಬುದು ಹೊರಬೀಳದೇ ಇರುವುದೇ ಆ ಕೆಲಸದ ಜೀವ. ಅಂಥಲ್ಲಿಗೆ ನೀವು ಸಂಭಾಷಣೆ ಬರೆದು ಕಣ್ಣೀರು ಹಾಕಿಸಿದರೆ, ಅವರು ಕಾಪಾಡಿಕೊಂಡು ಬಂದ ಬಾಗಿಲನ್ನು ನೀವು ಒದ್ದು ತೆರೆದ ಹಾಗೆ. ಗೊತ್ತಿರುವುದನ್ನು ಬರೆಯಿರಿ: ಮನೆ, ಮೇಜು, ಕಟ್ಟಳೆ. ಮಾತು ಬೇಡ.

ಮೇಜು ಎಂದಾಗ ನೆನಪಾಯಿತು. ಕ್ವೇಕರನಾದ ವಿಲಿಯಂ ಪೆನ್ 1693ರಲ್ಲೇ ಯುರೋಪಿನ ರಾಜರೆಲ್ಲ ಕೂತು ಮಾತಾಡುವ ಒಂದು ಸಭೆ ಬೇಕೆಂದು ಬರೆದ. ಅದನ್ನು ನೀವು ಒಂದು ಸಾಲಿನಲ್ಲಿ ಹಾರಿಸಿದ್ದೀರಿ. ಆತ ಹೇಳಿದ ಉಪಾಯ ನೋಡಿ: ಕೊಠಡಿ ದುಂಡಗಿರಲಿ, ಬಾಗಿಲು ಹಲವು ಇರಲಿ, ಯಾರು ಮೊದಲು ಒಳಗೆ ಹೋಗಬೇಕು ಎಂಬ ಜಗಳವೇ ಹುಟ್ಟದಿರಲಿ. ಮೊದಲ ವೀಳ್ಯ ಯಾರಿಗೆ ಎಂಬುದಕ್ಕೆ ಮದುವೆಗಳೇ ಮುರಿದುಬೀಳುವುದನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ‘ಇದು ನಮ್ಮ ಅನುಭವ ಮಂಟಪವೇ ಸರಿ’ ಎಂಬ ನಿಮ್ಮ ಪ್ಯಾರಾ ತೆಗೆಯಿರಿ. ಎರಡರ ನಡುವೆ ಹೋಲಿಕೆ ಹೊಳೆಯಬಹುದು, ಸಂಬಂಧವಿಲ್ಲ. ಎಲ್ಲವನ್ನೂ ನಮ್ಮ ಅಂಗಳಕ್ಕೆ ಎಳೆದು ತರುವ ಚಾಳಿ ನಮ್ಮ ಲೇಖಕರಿಗೆ ಹೇಗೋ ಅಂಟಿಕೊಂಡಿದೆ. ಭಾರತದ ನಂಟು ಬೇಕೆಂದರೆ ನಿಜವಾದದ್ದೇ ಇದೆ. ಲಂಡನ್ನಿನಲ್ಲಿ ಕೂತು ಗಾಂಧೀಜಿಗೂ ಬ್ರಿಟಿಷ್ ಮಂತ್ರಿಗಳಿಗೂ ನಡುವೆ ಓಡಾಡಿದ ಅಗಾಥಾ ಹ್ಯಾರಿಸನ್ ಇದ್ದಾರೆ. 1947ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಹಬ್ಬ ನಡೆಯುವಾಗ ಕಲ್ಕತ್ತದ ಬೇಲಿಯಾಘಾಟದ ಮನೆಯಲ್ಲಿ ಗಾಂಧಿಯ ಜೊತೆಗಿದ್ದ ಹೊರೇಸ್ ಅಲೆಗ್ಸಾಂಡರ್ ಇದ್ದಾರೆ. 1965ರ ಯುದ್ಧದ ಮರುವರ್ಷ ಭಾರತ, ಪಾಕಿಸ್ತಾನ ಎರಡೂ ಕಡೆ ಓಡಾಡಿ, ಒಬ್ಬರ ಅಹವಾಲನ್ನು ಇನ್ನೊಬ್ಬರಿಗೆ ಮುಟ್ಟಿಸಲು ನೋಡಿದ ಆಡಂ ಕರ್ಲ್ ಮತ್ತು ಜೊತೆಗಾರರಿದ್ದಾರೆ. ಇವರಲ್ಲಿ ಒಬ್ಬರನ್ನೂ ನೀವು ಹೆಸರಿಸಿಲ್ಲ!

‘ಇವರ ಅವಿರತ ಶ್ರಮದಿಂದ ಜಗತ್ತಿನಲ್ಲಿ ಶಾಂತಿ ನೆಲೆಸಿತು’ ಎಂಬ ಮಾತಿಗೆ ಬರುತ್ತೇನೆ. ಎಲ್ಲಿ ನೆಲೆಸಿತು ಸ್ವಾಮಿ? ನಾನಾಗಿದ್ದರೆ ಸೋತ ಕಥೆಯನ್ನೇ ಹೇಳುತ್ತಿದ್ದೆ. 1854ರ ಜನವರಿ. ಬ್ರಿಟನ್ನು ರಷ್ಯಾದ ಮೇಲೆ ಯುದ್ಧಕ್ಕೆ ಹಲ್ಲು ಮಸೆಯುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಧಾನ್ಯದ ವ್ಯಾಪಾರಿ ಜೋಸೆಫ್ ಸ್ಟರ್ಜ್, ಬ್ರಿಸ್ಟಲಿನಲ್ಲಿ ಗುಂಡುಸೂಜಿ ಮಾಡಿಸುತ್ತಿದ್ದ ರಾಬರ್ಟ್ ಚಾರ್ಲ್ಟನ್, ರೈಲ್ವೆ ಮನೆತನದ ಹೆನ್ರಿ ಪೀಸ್, ಈ ಮೂವರು ಕ್ವೇಕರರು ಯುದ್ಧ ಬೇಡವೆಂದು ಹೇಳಲು ಮಾಗಿಯ ಚಳಿಯಲ್ಲಿ ರೈಲು ಹಿಡಿದು, ರೈಲು ನಿಂತಲ್ಲಿಂದ ಹಿಮದ ಮೇಲೆ ಜಾರುವ ಗಾಡಿ ಹತ್ತಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರು. ಯಾವ ಸರ್ಕಾರವೂ ಕಳಿಸಿದ್ದಲ್ಲ. ಫೆಬ್ರವರಿ 10ರಂದು ಝಾರ್ ಮೊದಲನೇ ನಿಕೊಲಸ್ ಅವರನ್ನು ಬರಮಾಡಿಕೊಂಡ, ಕೇಳಿಸಿಕೊಂಡ, ಮರ್ಯಾದೆ ಮಾಡಿ ಕಳಿಸಿದ. ಊರಿಗೆ ಬಂದರೆ ಪತ್ರಿಕೆಗಳ ಲೇವಡಿ. ಮಾರ್ಚ್ 28ಕ್ಕೆ ಬ್ರಿಟನ್ನು ಯುದ್ಧ ಸಾರಿತು.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ಅದೇ ಬೇಸಿಗೆಯಲ್ಲಿ ಬ್ರಿಟಿಷ್ ನೌಕಾಪಡೆ ಆಗ ರಷ್ಯಾದ ಕೈಕೆಳಗಿದ್ದ ಫಿನ್‌ಲೆಂಡಿನ ಕರಾವಳಿಗೆ ಹೋಗಿ ಹಡಗು, ಮರಮಟ್ಟು, ಡಾಂಬರಿನ ಪೀಪಾಯಿ ಎಲ್ಲ ಸುಟ್ಟುಹಾಕಿತು. ಸುಟ್ಟದ್ದು ಸೈನಿಕರ ಸೊತ್ತಲ್ಲ, ವರ್ತಕರದ್ದು, ಸಾಮಾನ್ಯ ಜನರದ್ದು. ಯುದ್ಧ ಮುಗಿದ ಮೇಲೆ, 1856ರಲ್ಲಿ, ಅದೇ ಸ್ಟರ್ಜ್ ಇನ್ನೊಬ್ಬ ಕ್ವೇಕರನ ಜೊತೆ ಅಲ್ಲಿಗೆ ಹೋಗಿ ನಷ್ಟ ಕಣ್ಣಾರೆ ನೋಡಿ, ಇಂಗ್ಲೆಂಡಿನಲ್ಲಿ ಚಂದಾ ಎತ್ತಿ ಪರಿಹಾರ ಕಳಿಸಲು ಓಡಾಡಿದ. ತಡೆಯಲಾಗದ ಯುದ್ಧದ ಬೂದಿ ಬಾಚಲು ಹೋದವನ ಕಥೆ ಇದು. ನಿಮ್ಮ ಲೇಖನಕ್ಕೆ ಬೆನ್ನೆಲುಬು ಬೇಕಿದ್ದರೆ ಇಲ್ಲಿದೆ.

ಗೆದ್ದದ್ದೂ ಒಂದು ಇರಲಿ, ಅಳತೆ ಮೀರದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹದಿನೆಂಟು ತುಂಬದವರನ್ನು ಮಕ್ಕಳು ಎನ್ನುತ್ತದೆ. ಯುದ್ಧದ ಮಾತು ಬಂದಾಗ ಮಾತ್ರ ಹದಿನೈದಕ್ಕೆ ಇಳಿಯುತ್ತದೆ. ಈ ಮೂರು ವರ್ಷದ ಅಂತರಕ್ಕಾಗಿ ಜಿನೀವಾದ ಕ್ವೇಕರ್ ಕಚೇರಿಯ ರೇಚಲ್ ಬ್ರೆಟ್ ಮತ್ತಿತರರು ವರ್ಷಗಟ್ಟಲೆ ಸಭೆಯಿಂದ ಸಭೆಗೆ ಅಲೆದರು. 2000ದ ಮೇ 25ರಂದು ವಿಶ್ವಸಂಸ್ಥೆ ಒಪ್ಪಿದ ಪೂರಕ ಒಪ್ಪಂದ, ಹದಿನೆಂಟರ ಒಳಗಿನವರು ನೇರ ಕಾಳಗಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು, ಅವರನ್ನು ಬಲವಂತವಾಗಿ ಸೇನೆಗೆ ಸೇರಿಸಬಾರದು ಎಂದಿತು. ತಾವಾಗಿಯೇ ಸೇರುವವರಿಗೆ ಹದಿನೆಂಟರ ಗೆರೆ ದಕ್ಕಲಿಲ್ಲ. ಬ್ರಿಟನ್ನು ಹದಿನಾರಕ್ಕೆ, ಅಮೆರಿಕ ಹದಿನೇಳಕ್ಕೆ ಸೇರಿಸಿಕೊಳ್ಳುತ್ತದೆ. ಎರಡೂ ಕ್ವೇಕರರ ತವರು. ‘ಕ್ವೇಕರರಿಂದಲೇ ಆಯಿತು’ ಎಂದು ಬರೆಯಬೇಡಿ. ಹತ್ತಾರು ಸಂಘಟನೆಗಳು ಕೈಜೋಡಿಸಿದ್ದವು.

1997ರ ಒಟ್ಟಾವಾ ನೆಲಬಾಂಬ್ ಒಪ್ಪಂದವನ್ನೂ ಸೇರಿಸುವ ಆಸೆ ನಿಮಗಾಗುತ್ತದೆ. ಈ ಸಲಕ್ಕೆ ತಡೆದುಕೊಳ್ಳಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಅವರು ಶಾಂತಿಯನ್ನು ಮೇಜಿಗೆ ತಂದರು’ ಎಂಬುದು ಕನ್ನಡವಲ್ಲ. ನಮ್ಮಲ್ಲಿ ಮೇಜಿಗೆ ಬರುವುದು ಕಾಫಿ. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ಮುಖ ನೋಡುತ್ತಾರೋ ಅಲ್ಲಿ ತಿದ್ದಿ.

ಹನ್ನೆರಡು ಪುಟವನ್ನು ಐದಕ್ಕೆ ಇಳಿಸಿ, ಮುಂದಿನ ತಿಂಗಳ ಹದಿನೈದರೊಳಗೆ ಕಳಿಸಿ. ಸ್ಟರ್ಜ್ ಇರಲಿ, ಕೋಟು ಇರಲಿ, ದುಂಡು ಕೊಠಡಿ ಇರಲಿ, ಹದಿನೈದು-ಹದಿನೆಂಟರ ಜಗ್ಗಾಟ ಇರಲಿ. ಪುಟಸಂಖ್ಯೆ ಸರಿಯಾಗಿ ಹಾಕಿ. ಈ ಸಲ ಏಳನೇ ಪುಟ ಎರಡು ಬಂದು ಎಂಟನೆಯದು ನಾಪತ್ತೆಯಾಗಿತ್ತು.

ನಿಮ್ಮ,
ಸಂಪಾದಕ